ತರಗೆಲೆ ಕೆದಕುವ ದ್ವೀಪದ ಮಡಿವಾಳ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಕಳಿಸಿದ ಫೋಟೋ ಹಾಕಿದ್ದೆವು. ಸೇಶೆಲ್ಸ್ ದೇಶದ ಒಂದು ಪುಟ್ಟ ದ್ವೀಪ. ಅವರ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಕಪ್ಪು ಹಕ್ಕಿ, ರೆಕ್ಕೆಯಲ್ಲಿ ಬಿಳಿ ಪಟ್ಟೆ. ಕೆಳಗೆ ನಾನು ಎರಡೇ ಸಾಲು ಬರೆದಿದ್ದೆ: ಜಗತ್ತಿನಲ್ಲಿ ಈ ಹಕ್ಕಿ ಇರುವುದು ಅಲ್ಲಿನ ಕೆಲವೇ ದ್ವೀಪಗಳಲ್ಲಿ, 1970ರ ಹೊತ್ತಿಗೆ ಸುಮಾರು 16 ಉಳಿದಿದ್ದವು. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಆ ಹಕ್ಕಿಗೇ, ಅಂದರೆ ಸೇಶೆಲ್ಸ್ ಮಡಿವಾಳಕ್ಕೆ.

ಪ್ರಶ್ನೆ: ಆ ಫೋಟೋ ತೆಗೆದವಳು ನಾನೇ. ಕಸಿನ್ ಅನ್ನೋ ದ್ವೀಪದಲ್ಲಿ. ನಮ್ಮ ಕಡೆಯ ಮಡಿವಾಳ ಹಕ್ಕಿಯ ಹಾಗೇ ಇತ್ತು, ಆದರೆ ಹೊಟ್ಟೆ ಬಿಳಿ ಇರಲಿಲ್ಲ. ಎರಡೂ ಒಂದೇನಾ? ಅಷ್ಟು ಹತ್ತಿರ ಬಂತಲ್ಲ, ಯಾರಾದರೂ ತಿಂಡಿ ಹಾಕಿ ರೂಢಿ ಮಾಡಿಸಿದ್ದಾರಾ? (ಓದುಗಿ, ಬೆಂಗಳೂರು)

ಒಂದೇ ಅಲ್ಲ, ಆದರೆ ನೆಂಟರು. ಒಂದೇ ಬಳಗದ ಎರಡು ಹಕ್ಕಿಗಳು. ನಮ್ಮ ಮಡಿವಾಳ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ ಐದು ಗಂಟೆಗೆ, ಹಾಲಿನವರು ಬರುವ ಮೊದಲೇ, ನಮ್ಮ ಹಿತ್ತಿಲಿನ ತೆಂಗಿನ ಗರಿಯ ತುದಿಯಲ್ಲಿ ಕೂತು ಶುರು ಮಾಡುತ್ತದೆ. ಒಂದು ಸಾಲು ಸಿಳ್ಳೆ, ಒಂದು ಕ್ಷಣ ಬಿಡುವು, ಮತ್ತೆ ಇನ್ನೊಂದು ಸಾಲು. ಸಾಲು ಮುಗಿದಾಗಲೆಲ್ಲ ಬಾಲ ಸೆಟೆದು ನಿಲ್ಲಿಸುತ್ತದೆ. ಗಂಡು ಕಪ್ಪು ಬಿಳಿ, ಹೆಣ್ಣು ಬೂದು ಬಿಳಿ.

ಸೇಶೆಲ್ಸ್‌ನದು ಇದಕ್ಕಿಂತ ದೊಡ್ಡದು, ಸುಮಾರು 25 ಸೆಂಟಿಮೀಟರ್ ಉದ್ದ. ಗಂಡು ಹೆಣ್ಣು ಎರಡೂ ಒಂದೇ ಥರ. ಮೈಯೆಲ್ಲ ಕಪ್ಪು, ಬಿಸಿಲು ಬಿದ್ದರೆ ನೀಲಿ ಹೊಳಪು, ರೆಕ್ಕೆಯಲ್ಲಿ ಮಾತ್ರ ಬಿಳಿ. ಅಲ್ಲಿಯ ಕ್ರಿಯೋಲ್ ಮಾತಿನಲ್ಲಿ ಇದನ್ನು 'ಪಿ ಸಾಂತೆಜ್' ಅನ್ನುತ್ತಾರೆ. ಹಾಡುವ ಹಕ್ಕಿ ಅನ್ನೋ ಅರ್ಥ ಆ ಹೆಸರಿನಲ್ಲೇ ಇದೆ.

ಇನ್ನು ನಿಮ್ಮ ಕಾಲ ಬಳಿ ಬಂದ ವಿಷಯ. ಈ ಹಕ್ಕಿಯನ್ನು ಉಳಿಸುವ ಕೆಲಸ ನಡೆಯುತ್ತಿದ್ದಾಗ ಸ್ವಲ್ಪ ಕಾಲ ಕಾರ್ಯಕರ್ತರು ಆಹಾರ ಕೊಟ್ಟದ್ದು ನಿಜ. ಆದರೆ ಅದರ ಧೈರ್ಯಕ್ಕೆ ಕಾರಣ ಅದಲ್ಲ, ಅದಕ್ಕಿಂತ ತುಂಬಾ ಹಳೆಯದು. ಫೋಟೋವನ್ನು ಇನ್ನೊಮ್ಮೆ ನೋಡಿ. ಹಕ್ಕಿ ನಿಮ್ಮ ಮುಖ ನೋಡುತ್ತಿಲ್ಲ, ನಿಮ್ಮ ಹಿಮ್ಮಡಿಯ ಹತ್ತಿರದ ತರಗೆಲೆ ನೋಡುತ್ತಿದೆ. ಅದರ ಊಟ ಇರುವುದೇ ಅಲ್ಲಿ. ಒಣಗಿದ ಎಲೆಯ ಅಡಿಯ ಜಿರಲೆ, ಜರಿ, ಚೋರಟೆ, ಎರೆಹುಳು, ಸಣ್ಣ ಹಾವುರಾಣಿ. ಎಲೆ ಅಲುಗಾಡಿದರೆ ಇವೆಲ್ಲ ಹೊರಗೆ ಓಡಿ ಬರುತ್ತವೆ. ಅಲ್ಲಿ ದೈತ್ಯ ಆಮೆಗಳನ್ನೂ ನೋಡಿರುತ್ತೀರಿ ಅಲ್ವಾ? ಆಮೆ ಎಲೆ ತುಳಿಯುತ್ತಾ ನಿಧಾನ ಸಾಗಿದರೆ ಈ ಹಕ್ಕಿ ಹಿಂದೆ ಹಿಂದೆಯೇ ಹೋಗುತ್ತದೆ, ನಮ್ಮಲ್ಲಿ ಮೇಯುವ ದನದ ಹಿಂದೆ ಬೆಳ್ಳಕ್ಕಿ ಹೋಗುವ ಹಾಗೆ. ಕಸ ಗುಡಿಸುವವರ ಹಿಂದೆಯೂ ಹೋಗುತ್ತದೆ. ಅವತ್ತು ಎಲೆ ಅಲುಗಾಡಿಸಿದವರು ನೀವು, ಅಷ್ಟೇ.

ಮನುಷ್ಯರು ಬರುವ ಮೊದಲು ಸೇಶೆಲ್ಸ್‌ನಲ್ಲಿ ಬಾವಲಿ ಬಿಟ್ಟರೆ ಬೇರೆ ಸಸ್ತನಿಯೇ ಇರಲಿಲ್ಲ. ಇಲಿ ಇಲ್ಲ, ಬೆಕ್ಕು ಇಲ್ಲ, ಮುಂಗುಸಿ ಇಲ್ಲ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಬರುವ ಪ್ರಾಣಿ ಅಂದರೆ ಆಮೆ, ಆಮೆ ಅಂದರೆ ಊಟ. ಸಾವಿರಾರು ತಲೆಮಾರು ಹೀಗೇ ಬದುಕಿದ ಹಕ್ಕಿಗೆ ಓಡಬೇಕು ಅನ್ನೋದು ಹೊಳೆಯುವುದಿಲ್ಲ. ನಿಮಗೆ ಅವತ್ತು ಅಷ್ಟು ಸಂತೋಷ ಕೊಟ್ಟ ಆ ನಂಬಿಕೆಯೇ ಅದರ ಕುಲವನ್ನು ಹೆಚ್ಚುಕಡಿಮೆ ಮುಗಿಸಿತ್ತು. ಅದು ಮುಂದಿನ ಪ್ರಶ್ನೆಗಳಲ್ಲಿ ಬರುತ್ತದೆ.

ಪ್ರಶ್ನೆ: ಅಷ್ಟು ದೂರದ ದ್ವೀಪಕ್ಕೆ ಹೋದದ್ದಾದರೂ ಹೇಗೆ? ಹೋಗೋಕೆ ರೆಕ್ಕೆ ಇದ್ದ ಮೇಲೆ ಬೇರೆ ಕಡೆಗೂ ಹರಡಬೇಕಿತ್ತಲ್ಲ? (ಓದುಗರು, ಸಾಗರ)

ಒಳ್ಳೆಯ ಪ್ರಶ್ನೆ. ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು ಮೂರು ಸಾವಿರ ಕಿಲೋಮೀಟರ್ ಸಮುದ್ರ ದಾಟಿದರೆ ಸೇಶೆಲ್ಸ್. ಒಟ್ಟು 115 ದ್ವೀಪಗಳು. ನಡುವಿನವು ಹವಳದ ದ್ವೀಪಗಳಲ್ಲ, ಗಟ್ಟಿ ಗ್ರಾನೈಟ್ ಬಂಡೆ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನಮ್ಮ ಭಾರತದ ನೆಲದಿಂದ ಕಳಚಿಕೊಂಡು ಹಿಂದೆ ಉಳಿದ ತುಂಡು ಅದು. ಹಾಗಂತ ಹಕ್ಕಿ ಆ ಬಂಡೆಯ ಮೇಲೆ ಕೂತು ಹೋಯಿತು ಅಂದುಕೊಳ್ಳಬೇಡಿ. ಆಗ ಮಡಿವಾಳದ ಬಳಗವೇ ಹುಟ್ಟಿರಲಿಲ್ಲ. ಎಷ್ಟೋ ಕಾಲದ ಮೇಲೆ, ಗಾಳಿಗೆ ಸಿಕ್ಕಿಯೋ ದಾರಿ ತಪ್ಪಿಯೋ ನಾಲ್ಕಾರು ಹಕ್ಕಿಗಳು ಅಲ್ಲಿ ಇಳಿದಿವೆ. ಈ ಬಳಗದವು ಏಷ್ಯಾದ ಉದ್ದಕ್ಕೂ ಇವೆ, ಅತ್ತ ಮಡಗಾಸ್ಕರ್‌ನಲ್ಲೂ ಒಂದಿದೆ.

ಒಮ್ಮೆ ಇಳಿದ ಮೇಲೆ ಮತ್ತೆ ಹೊರಡಬೇಕಾದ ಕಾರಣ ಇರಲಿಲ್ಲ. ಊಟ ಕಾಲ ಬುಡದಲ್ಲೇ ಇತ್ತು, ಶತ್ರುಗಳು ಕಡಿಮೆ. ದ್ವೀಪದಲ್ಲಿ ದೂರ ಹಾರುವ ಹಕ್ಕಿ ಸಮುದ್ರಕ್ಕೆ ಬಿದ್ದು ಸಾಯುತ್ತದೆ, ಮನೆಯಲ್ಲಿ ಕೂರುವ ಹಕ್ಕಿ ಮರಿ ಮಾಡುತ್ತದೆ. ತಲೆಮಾರು ಕಳೆದ ಹಾಗೆ ಮನೆಯಲ್ಲಿ ಕೂರುವವೇ ಉಳಿಯುತ್ತವೆ. ಈಗ ಈ ಹಕ್ಕಿ ತಾನಾಗಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ತೀರಾ ಅಪರೂಪ. ಎದುರಿಗೆ ಇನ್ನೊಂದು ದ್ವೀಪ ಕಾಣುತ್ತಿದ್ದರೂ ಅಷ್ಟೇ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. '16 ಉಳಿದಿದ್ದವು' ಅಂದಾಗ ಮಕ್ಕಳು ನಂಬಲಿಲ್ಲ. ಅಷ್ಟು ಕಡಿಮೆಯಾಗಿದ್ದು ಹೇಗೆ, ಮತ್ತೆ ಏರಿದ್ದು ಹೇಗೆ? ಸ್ವಲ್ಪ ವಿವರವಾಗಿ ಬರೆಯಿರಿ. (ಓದುಗರು, ಪುತ್ತೂರು)

ಮೇಷ್ಟ್ರೇ, ಮಕ್ಕಳಿಗೆ ಇದನ್ನು ಓದಿ ಹೇಳಿ. ಸ್ವಲ್ಪ ಉದ್ದವೇ ಬರೆಯುತ್ತೇನೆ.

1770ರಲ್ಲಿ ಫ್ರೆಂಚರು ಬಂದು ನೆಲೆಸುವವರೆಗೆ ಸೇಶೆಲ್ಸ್‌ನಲ್ಲಿ ಮನುಷ್ಯರ ಊರುಗಳೇ ಇರಲಿಲ್ಲ. ಬಂದವರು ಕಾಡು ಕಡಿದರು, ಆಮೇಲೆ ತೆಂಗು ಹಾಕಿದರು. ಕೊಬ್ಬರಿಗೆ ಆಗ ಒಳ್ಳೆಯ ಬೆಲೆ. ತೆಂಗಿನ ತೋಟ ಅಂದರೆ ನಮಗೆ ಹಸಿರು, ಆದರೆ ಆ ಹಕ್ಕಿಗೆ ಬೇಕಾಗಿದ್ದು ಹಸಿರಲ್ಲ, ಮರದ ಬುಡದಲ್ಲಿ ದಪ್ಪಗೆ ಕೊಳೆಯುವ ಎಲೆಯ ಹಾಸು. ಸಮುದ್ರದ ದಂಡೆಯ ಹಳೆಯ ಕಾಡಿನಲ್ಲಿ ಅದು ಇತ್ತು. ಆ ಕಾಡಿನ ಒಂದು ಮುಖ್ಯ ಮರ ತಕಮಾಕ. ಅದು ಬೇರೇನಲ್ಲ, ನಮ್ಮ ಕರಾವಳಿಯ ಸುರಹೊನ್ನೆಯೇ.

ಹಡಗಿನ ಜೊತೆ ಇಲಿ ಬಂತು, ಇಲಿ ಹಿಡಿಯಲಿ ಅಂತ ಬೆಕ್ಕು ಬಂತು. ನೆಲದ ಮೇಲೆ ಕುಪ್ಪಳಿಸುತ್ತಾ, ಹತ್ತಿರ ಬಂದವರನ್ನೆಲ್ಲ ಆಮೆಯೇ ಅಂದುಕೊಳ್ಳುವ ಹಕ್ಕಿ ಬೆಕ್ಕಿನ ಬಾಯಿಗೆ ಬೀಳೋದು ಎಷ್ಟು ಹೊತ್ತಿನ ಮಾತು? ನಮ್ಮ ಹಿತ್ತಿಲಿನ ಮಡಿವಾಳದ ಮರಿ ಹೋದ ವರ್ಷ ಗೂಡಿನಿಂದ ಇಳಿದ ದಿನವೇ ಬೆಕ್ಕಿಗೆ ಹೋಯಿತು. ತಾಯಿ ಹಕ್ಕಿ ಎರಡು ದಿನ ಪೇರಲೆ ಮರದಿಂದ ಕೆಳಗೆ ನೋಡುತ್ತಾ ಕೂಗುತ್ತಿತ್ತು. ನಮ್ಮ ಮಡಿವಾಳ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ, ಮತ್ತೆ ಗೂಡು ಕಟ್ಟುತ್ತದೆ, ನಷ್ಟ ತುಂಬಿಕೊಳ್ಳುತ್ತದೆ. ಸೇಶೆಲ್ಸ್‌ನದು ಇಡುವುದು ಒಂದೇ ಮೊಟ್ಟೆ. ಆ ಒಂದು ಹೋದರೆ ಆ ಸಲದ್ದು ಮುಗಿಯಿತು.

ಹೀಗೆ ಒಂದೊಂದೇ ದ್ವೀಪ ಖಾಲಿಯಾಯಿತು. ದೊಡ್ಡ ದ್ವೀಪ ಮಾಹೆ, ಪ್ರಾಲಿನ್, ಲಾ ಡೀಗ್, ಆರೀಡ್, ಎಲ್ಲ ಕಡೆ ಹಾಡು ನಿಂತಿತು. 1960ರ ದಶಕಕ್ಕೆ ಉಳಿದದ್ದು ಫ್ರೆಗೇಟ್ ದ್ವೀಪ ಒಂದೇ, ಎರಡು ಚದರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಜಾಗ. ಅಲ್ಲಿ ಉಳಿದದ್ದು ಯಾಕೆ ಅಂದರೆ ಆಗ ಅಲ್ಲಿಗೆ ಇಲಿ ತಲುಪಿರಲಿಲ್ಲ. ಬೆಕ್ಕು ಇತ್ತು. 1980ರ ದಶಕದ ಮೊದಲಲ್ಲಿ ಬೆಕ್ಕುಗಳನ್ನು ಪೂರ್ತಿ ತೆಗೆದರು. ಇನ್ನೇನು ಹಕ್ಕಿ ಹೆಚ್ಚುತ್ತದೆ ಅಂದುಕೊಂಡರೆ ಹಾಗಾಗಲಿಲ್ಲ. 1990ರಲ್ಲಿ ಎಣಿಸಿದರೆ ಇಪ್ಪತ್ತು ಚಿಲ್ಲರೆ, ಅಷ್ಟೇ.

ಈ ಜಾಗದಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಶತ್ರು ಹೋದ ಮೇಲೂ ಹಕ್ಕಿ ಯಾಕೆ ಹೆಚ್ಚಲಿಲ್ಲ? ಉತ್ತರ ಒಂದಲ್ಲ. ಎಲೆ ಹಾಸು ಕಡಿಮೆ, ಹಾಗಾಗಿ ಊಟ ಕಡಿಮೆ. ಗೂಡಿಗೆ ಬೇಕಾದ ಪೊಟರೆ ಇರುವ ಹಳೆಯ ಮರಗಳು ಕಡಿಮೆ. ಇದ್ದ ಪೊಟರೆಗೆ ಗೊರವಂಕದ ಜೊತೆ ಜಗಳ. ಮನೆ ತೋಟಗಳಲ್ಲಿ ಹೊಡೆಯುವ ಕೀಟನಾಶಕ. ಇದರ ಮೇಲೆ ಹಕ್ಕಿಯ ಸ್ವಭಾವ ಬೇರೆ. ಒಂದು ಜೋಡಿ ತನ್ನ ಜಾಗ ಹಿಡಿದರೆ ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಬೆಳೆದ ಮಕ್ಕಳು ತಮ್ಮದೇ ಜಾಗ ಸಿಗದೆ, ಜೋಡಿ ಕಟ್ಟದೆ, ಅದೇ ಗುಂಪಿನಲ್ಲಿ ಸುಮ್ನೆ ಉಳಿಯುತ್ತವೆ.

1990ರಲ್ಲಿ ಶುರುವಾದ ಕೆಲಸ ನನಗೆ ತುಂಬಾ ಇಷ್ಟ. ಅದರಲ್ಲಿ ಪವಾಡ ಏನೂ ಇಲ್ಲ, ಬರೀ ದಿನನಿತ್ಯದ ಕೆಲಸ. ಪ್ರತಿ ಹಕ್ಕಿಯ ಕಾಲಿಗೂ ಬಣ್ಣದ ಉಂಗುರ ಹಾಕಿದರು. ಒಂದರದು ಕೆಂಪು ಹಳದಿ, ಇನ್ನೊಂದರದು ನೀಲಿ ಬಿಳಿ, ಹೀಗೆ. ಆಮೇಲೆ ಬೆಳಗಾದರೆ ಕಾಡಿಗೆ ಹೋಗಿ ಯಾವುದು ಎಲ್ಲಿದೆ, ಯಾರ ಜೊತೆ ಇದೆ, ಮೊಟ್ಟೆ ಇಟ್ಟಿದೆಯಾ ಅಂತ ಒಂದೊಂದನ್ನೂ ನೋಡಿ ಬರೆದುಕೊಳ್ಳುವುದು. ಮರಕ್ಕೆ ಗೂಡಿನ ಪೆಟ್ಟಿಗೆ ಕಟ್ಟುವುದು. ಊಟ ಸಾಲದ ಕಡೆ ಜಿರಲೆ ಮತ್ತಿತರ ಆಹಾರ ಹಾಕುವುದು. ಗೊರವಂಕ ಬಂದರೆ ಓಡಿಸುವುದು. ಕೀಟನಾಶಕ ನಿಲ್ಲಿಸುವುದು. ತೆಂಗಿನ ಜಾಗದಲ್ಲಿ ಊರಿನ ಮೂಲ ಮರಗಳನ್ನು ನೆಡುವುದು.

ಎಲ್ಲವೂ ಒಂದೇ ದ್ವೀಪದಲ್ಲಿದ್ದರೆ ಒಂದು ದಿನದ ಅನಾಹುತಕ್ಕೆ ಕುಲವೇ ಹೋಗುತ್ತದೆ. ಅದಕ್ಕೇ ಕೆಲವನ್ನು ಹಿಡಿದು ಇಲಿ ಇಲ್ಲದ ಬೇರೆ ದ್ವೀಪಗಳಿಗೆ ಒಯ್ದರು. ಮೊದಲು 1994-95ರಲ್ಲಿ ಕಸಿನ್ ಮತ್ತು ಪಕ್ಕದ ಕೂಸೀನ್, 2002ರಲ್ಲಿ ಆರೀಡ್, 2008ರಲ್ಲಿ ಡೆನಿಸ್.

ಆ ಮುಂಜಾಗ್ರತೆ ಎಷ್ಟು ಬೇಕಾಗಿತ್ತು ಅನ್ನೋದು ಬೇಗನೆ ಗೊತ್ತಾಯಿತು. 1995ರಲ್ಲಿ ಫ್ರೆಗೇಟ್‌ನಲ್ಲಿ ಇಲಿ ಕಾಣಿಸಿಕೊಂಡಿತು! ಇನ್ನೂರು ವರ್ಷ ಇಲಿ ಇಲ್ಲದೆ ಉಳಿದ ದ್ವೀಪ. ದೋಣಿಯ ಸರಕಿನ ಜೊತೆಗೇ ಬಂದಿರಬೇಕು. ಸುದ್ದಿ ಕೇಳಿದ ದಿನ ಅಲ್ಲಿದ್ದವರಿಗೆ ಹೇಗಾಗಿರಬೇಡ, ಯೋಚಿಸಿ. ಬೋನು ಇಟ್ಟು ಪ್ರಯತ್ನಿಸಿದರೂ ಇಲಿ ದ್ವೀಪದ ತುಂಬಾ ಹರಡಿತು. ಕೊನೆಗೆ ಉಳಿದದ್ದು ಒಂದೇ ದಾರಿ, ಇಡೀ ದ್ವೀಪಕ್ಕೆ ಇಲಿ ಪಾಷಾಣ ಹಾಕುವುದು. ಒಂದು ಗರ್ಭಿಣಿ ಇಲಿ ಉಳಿದರೂ ಎಲ್ಲ ವ್ಯರ್ಥ. ಆದರೆ ಪಾಷಾಣ ತಿಂದ ಜಿರಲೆಯನ್ನು ಹಕ್ಕಿ ತಿನ್ನುತ್ತದೆ, ಹಕ್ಕಿಯೂ ಸಾಯುತ್ತದೆ. ಹಾಗಾಗಿ 2000ದಲ್ಲಿ ಮೊದಲು ಫ್ರೆಗೇಟ್‌ನ ಹಕ್ಕಿಗಳನ್ನು ಹಿಡಿದು ದೊಡ್ಡ ಪಂಜರಗಳಲ್ಲಿ ಇಟ್ಟರು. ಆಮೇಲೆ ಹೆಲಿಕಾಪ್ಟರ್‌ನಿಂದ ಪಾಷಾಣದ ಉಂಡೆ ಹಾಕಿದರು. ಪಾಷಾಣದ ಅಪಾಯ ಕಳೆಯುವವರೆಗೆ ಹಕ್ಕಿಗಳನ್ನು ಪಂಜರದಲ್ಲೇ ಸಾಕಿ, ಆಮೇಲೆ ಅದೇ ಕಾಡಿಗೆ ಬಿಟ್ಟರು. ಇಲಿ ಹೋಯಿತು. ಹಕ್ಕಿ ಉಳಿಯಿತು.

ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ 2005ರಲ್ಲಿ ಅದನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದರು. 2006ರಲ್ಲಿ ಎಣಿಸಿದಾಗ 178. ಆಮೇಲೂ ಏರಿದೆ. 16ರಿಂದ 178 ಅಂತ ಬೋರ್ಡಿನ ಮೇಲೆ ಬರೆದು, ನಡುವೆ 36 ವರ್ಷ ಅಂತಲೂ ಬರೆಯಿರಿ. ಮಕ್ಕಳಿಗೆ ಆ ಮೂವತ್ತಾರು ವರ್ಷ ಮುಖ್ಯವಾಗಿ ಗೊತ್ತಾಗಬೇಕು.

ಪ್ರಶ್ನೆ: ಗೊರವಂಕ ಬೇರೆ ಕಡೆ ಹಕ್ಕಿಗಳಿಗೆ ತೊಂದರೆ ಕೊಡುತ್ತದೆ ಅಂತ ಕೇಳಿದ್ದೇನೆ. ನಮ್ಮ ಊರಲ್ಲಿ ಪಾಪದ ಹಕ್ಕಿ ಅದು. ನಿಜಾನಾ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ನಿಜ. ಅದರ ಮೂಲ ಊರು ನಮ್ಮ ಕಡೆಯೇ. ಮನುಷ್ಯರು ಎಲ್ಲೆಲ್ಲಿಗೋ ಒಯ್ದರು, ಹುಳ ತಿನ್ನಲಿ ಅಂತ ಕೆಲವು ಕಡೆ, ಸಾಕೋಕೆ ಅಂತ ಕೆಲವು ಕಡೆ. ಇಲ್ಲಿ ಅದರ ಜೊತೆ ಕಾಗೆ ಇದೆ, ಗಿಳಿ ಇದೆ, ಮಡಿವಾಳ ಇದೆ. ಎಲ್ಲವೂ ಎಷ್ಟೋ ಕಾಲದಿಂದ ಒಂದರ ಜೊತೆ ಒಂದು ಗುದ್ದಾಡಿ ಬೆಳೆದವು. ಒಂದು ಪೊಟರೆಗೆ ನಾಲ್ಕು ಜನ ಬಂದರೆ ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ದ್ವೀಪದ ಹಕ್ಕಿಗೆ ಆ ಪಾಠವೇ ಆಗಿಲ್ಲ. ಸೇಶೆಲ್ಸ್‌ನಲ್ಲಿ ಗೊರವಂಕಗಳು ಗೂಡಿನ ಜಾಗ ಕಿತ್ತುಕೊಂಡಿವೆ, ಮೊಟ್ಟೆ ಹಾಳು ಮಾಡಿವೆ, ದ್ವೀಪದ ಸಣ್ಣ ಹಕ್ಕಿಗಳ ತಲೆಗೆ ಕುಕ್ಕಿ ಗಾಯ ಮಾಡಿವೆ. ಡೆನಿಸ್ ದ್ವೀಪದಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು ಗೊರವಂಕಗಳನ್ನು ಪೂರ್ತಿ ತೆಗೆದರು. ತಪ್ಪು ಹಕ್ಕಿಯದಲ್ಲ. ನಿಮ್ಮ ಹಾಸ್ಟೆಲ್ ಕಿಟಕಿಯ ಗೊರವಂಕವನ್ನು ಬೇರೆ ಕಣ್ಣಿಂದ ನೋಡಬೇಡಿ ದಯವಿಟ್ಟು.

ಪ್ರಶ್ನೆ: 16 ಹಕ್ಕಿಯಿಂದ ಬೆಳೆದ ಸಂತತಿ ಅಂದರೆ ಎಲ್ಲ ಅಣ್ಣ ತಂಗಿಯರೇ ಅಲ್ವಾ? ಮುಂದೆ ರೋಗ ಬಂದರೆ? ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: ಒಂದು ಹಕ್ಕಿಗೆ ಇಷ್ಟು ಖರ್ಚು ಬೇಕಿತ್ತಾ? (ಓದುಗರು, ಮೈಸೂರು)

ಬೇಜಾರೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ಮೊದಲನೆಯದಕ್ಕೆ: ಹೌದು, ರಕ್ತಸಂಬಂಧ ತುಂಬಾ ಹತ್ತಿರದ್ದು. ವಂಶವಾಹಿಗಳಲ್ಲಿ ವೈವಿಧ್ಯ ಬಹಳ ಕಡಿಮೆ. ಕಳೆದುಕೊಂಡ ವೈವಿಧ್ಯ ವಾಪಸ್ ಬರುವುದಿಲ್ಲ. ರೋಗದ ಭಯ ನಿಜವಾದ ಭಯ. ಬೇರೆ ಬೇರೆ ದ್ವೀಪಗಳಲ್ಲಿ ಹಂಚಿ ಇಟ್ಟಿರುವುದಕ್ಕೆ ಅದೂ ಒಂದು ಕಾರಣ.

ಎರಡನೆಯದಕ್ಕೆ ನನ್ನ ಉತ್ತರ: ಬೇಕಿತ್ತು. ಈ ಹಕ್ಕಿಗಾಗಿ ಇಲಿ ತೆಗೆದಾಗ ಉಳಿದದ್ದು ಹಕ್ಕಿ ಒಂದೇ ಅಲ್ಲ. ಫ್ರೆಗೇಟ್‌ನಲ್ಲಿ ಮಾತ್ರ ಇರುವ ಒಂದು ದೊಡ್ಡ ಜೀರುಂಡೆ ಇದೆ, ಜಗತ್ತಿನಲ್ಲಿ ಬೇರೆ ಕಾಡಿನಲ್ಲಿ ಎಲ್ಲೂ ಇಲ್ಲ, ಅದೂ ಉಳಿಯಿತು. ಕಸಿನ್ ಕಥೆ ಇನ್ನೂ ಹಳೆಯದು. ಅದು ಸುಮಾರು 70 ಎಕರೆಯ ತೆಂಗಿನ ತೋಟ. ಮಲೆನಾಡಿನ ಒಬ್ಬ ದೊಡ್ಡ ಜಮೀನ್ದಾರರ ತೋಟದಷ್ಟು ಜಾಗ! 1968ರಲ್ಲಿ ಹಕ್ಕಿ ಪ್ರೇಮಿಗಳ ಒಂದು ಅಂತರರಾಷ್ಟ್ರೀಯ ಸಂಸ್ಥೆ ಜನರಿಂದ ಹಣ ಕೂಡಿಸಿ ಅದನ್ನು ಕೊಂಡಿತು. ಈಗ ಅದರ ಹೆಸರು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್. ಕೊಂಡ ಮೇಲೆ ತೆಂಗಿನ ಸಸಿ ಬೆಳೆಯದಂತೆ ತೆಗೆಯುತ್ತಾ ಹೋದರು, ಮೂಲ ಕಾಡು ತಾನೇ ಎದ್ದು ಬಂತು. ಕಾಡಿನ ಜೊತೆ ಕಡಲ ಹಕ್ಕಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಗೂಡು ಮಾಡುತ್ತವೆ. ಅವುಗಳ ಹಿಕ್ಕೆ ನೆಲಕ್ಕೆ ಗೊಬ್ಬರ. ಅವು ಬೀಳಿಸುವ ಮೀನು, ಒಡೆದ ಮೊಟ್ಟೆ ತಿಂದು ಹಾವುರಾಣಿಗಳು ಕಾಲಿಟ್ಟಲ್ಲೆಲ್ಲ ಓಡಾಡುತ್ತವೆ. ಆ ಹಾವುರಾಣಿ, ಆ ಬಿದ್ದ ಮೀನು ನಮ್ಮ ಹಕ್ಕಿಗೂ ಊಟ. ದಂಡೆಯಲ್ಲಿ ಹಾಕ್ಸ್‌ಬಿಲ್ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಕಾವಲು ಇರುವುದರಿಂದ ಅವುಗಳ ಸಂಖ್ಯೆಯೂ ಏರಿದೆ. ಬೆಂಗಳೂರಿನ ಆ ಓದುಗಿಯ ಹಾಗೆ ನೋಡಲು ಹೋದವರು ಕೊಟ್ಟ ಟಿಕೆಟ್ ಹಣದಿಂದ ದ್ವೀಪದ ಖರ್ಚಿಗೂ ದಾರಿಯಾಗಿದೆ.

ಇವೆಲ್ಲ ಲೆಕ್ಕಾಚಾರದ ಉತ್ತರ. ಲೆಕ್ಕ ಬಿಟ್ಟು ಹೇಳುವುದಾದರೆ, ಹವಾಯಿಯ ಕವಾಯಿ ದ್ವೀಪದ ಕಾಡಿನಲ್ಲಿ ಓಓ ಅಂತ ಒಂದು ಹಾಡುಹಕ್ಕಿ ಇತ್ತು. ಅಲ್ಲಿಗೂ ಇಲಿ ಬಂತು, ಸೊಳ್ಳೆ ಬಂತು, ಸೊಳ್ಳೆಯಿಂದ ಹಕ್ಕಿಗಳ ಮಲೇರಿಯಾ ಬಂತು. ಕೊನೆಗೆ ಒಂದು ಜೋಡಿ, ಆಮೇಲೆ ಗಂಡು ಒಂದೇ. 1987ರ ನಂತರ ಅದರ ದನಿ ಯಾರೂ ಕೇಳಿಲ್ಲ. ಅದರ ಹಾಡಿನ ಧ್ವನಿಮುದ್ರಣ ಉಳಿದಿದೆ. ನಾನು ಒಂದು ಸಲ ಕೇಳಿದೆ, ಕೊಳಲಿನ ಹಾಗಿನ ದನಿ. ಎರಡನೇ ಸಲ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ.

ಪ್ರಶ್ನೆ: ಗಂಡು ಮರಿ ಬೇಕಾ ಹೆಣ್ಣು ಮರಿ ಬೇಕಾ ಅಂತ ತಾಯಿಯೇ ಆರಿಸುವ ಹಕ್ಕಿ ಸೇಶೆಲ್ಸ್‌ನಲ್ಲಿ ಇದೆ ಅಂತ ಎಲ್ಲೋ ಓದಿದ ನೆನಪು. ಇದೇ ಹಕ್ಕಿಯಾ? (ಓದುಗಿ, ಶಿರಸಿ)

ಇದಲ್ಲ, ಇದರ ನೆರೆಮನೆಯದು. ಸೇಶೆಲ್ಸ್ ವಾರ್ಬ್ಲರ್ ಅಂತ ಕರೆಯುತ್ತಾರೆ, ನಮ್ಮ ಉಲಿಯಕ್ಕಿಗಳ ಥರದ ಸಣ್ಣ, ಮಂಕು ಬಣ್ಣದ ಹಕ್ಕಿ. ಕಸಿನ್ ದ್ವೀಪವನ್ನು 1968ರಲ್ಲಿ ಕೊಂಡದ್ದೇ ಇದನ್ನು ಉಳಿಸಲು. ಆಗ ಇಡೀ ಜಗತ್ತಿನಲ್ಲಿ ಮೂವತ್ತಕ್ಕಿಂತ ಕಡಿಮೆ ಇದ್ದವು, ಎಲ್ಲ ಅದೇ ದ್ವೀಪದಲ್ಲಿ. ಈಗ ಐದು ದ್ವೀಪಗಳಲ್ಲಿ ಎರಡೂವರೆ ಸಾವಿರಕ್ಕೂ ಜಾಸ್ತಿ.

ನೀವು ಓದಿದ್ದು ಯಾನ್ ಕೊಮ್ಡೂರ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ 1997ರಲ್ಲಿ ಪ್ರಕಟಿಸಿದ ಕೆಲಸ ಇರಬೇಕು. ಈ ಹಕ್ಕಿಯ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಹೆಚ್ಚಾಗಿ ಅಪ್ಪ ಅಮ್ಮನ ಜೊತೆ ಉಳಿದು ಮುಂದಿನ ಮರಿಗಳನ್ನು ಸಾಕಲು ನೆರವಾಗುತ್ತವೆ. ಗಂಡುಮಕ್ಕಳು ಹೆಚ್ಚಾಗಿ ಬೇರೆ ಜಾಗ ಹುಡುಕಿ ಹೋಗುತ್ತವೆ. ಹುಳ ಜಾಸ್ತಿ ಸಿಗುವ ಜಾಗದಲ್ಲಿ ಮಗಳು ಉಳಿದರೆ ಲಾಭ. ಹುಳ ಕಡಿಮೆ ಇರುವ ಜಾಗದಲ್ಲಿ ಉಳಿದರೆ ಇರೋ ಊಟಕ್ಕೆ ಇನ್ನೊಂದು ಬಾಯಿ. ಅವರು ನೋಡಿದಾಗ, ಬಡ ಜಾಗದ ಜೋಡಿಗಳ ಮರಿಗಳಲ್ಲಿ 77 ಶೇಕಡಾ ಗಂಡು. ನೆರವಿಗೆ ಇನ್ನೂ ಯಾರೂ ಇಲ್ಲದ ಸಮೃದ್ಧ ಜಾಗದ ಜೋಡಿಗಳಲ್ಲಿ ಬರೀ 13 ಶೇಕಡಾ ಗಂಡು, ಉಳಿದದ್ದೆಲ್ಲ ಹೆಣ್ಣು! ಬಡ ಜಾಗದ ಜೋಡಿಗಳನ್ನೇ ಒಯ್ದು ಬೇರೆ ದ್ವೀಪದ ಸಮೃದ್ಧ ಜಾಗದಲ್ಲಿ ಬಿಟ್ಟರೆ ಅವೂ ಗಂಡಿನಿಂದ ಹೆಣ್ಣಿಗೆ ಬದಲಾದವು. ಹಕ್ಕಿಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದು ತಾಯಿಯ ಕಡೆಯಿಂದ ಬರುತ್ತದೆ, ನಮ್ಮಲ್ಲಿ ತಂದೆಯ ಕಡೆಯಿಂದ. 'ಆರಿಸುತ್ತದೆ' ಅಂದರೆ ಕೂತು ಯೋಚಿಸಿ ಅಲ್ಲ, ಅದರ ಮೈಯೇ ಹಾಗೆ ನಡೆದುಕೊಳ್ಳುತ್ತದೆ. ಒಂದು ಪುಟ್ಟ ದ್ವೀಪದಲ್ಲಿ ಎಲ್ಲ ಹಕ್ಕಿಗಳ ಗುರುತೂ ಇದ್ದದ್ದರಿಂದಲೇ ಇದನ್ನು ಇಷ್ಟು ಖಚಿತವಾಗಿ ನೋಡಲು ಆಯಿತು.

ಪ್ರಶ್ನೆ: ನಮ್ಮ ದೇಶದ ದ್ವೀಪಗಳಲ್ಲಿ ಇಂಥ ಹಕ್ಕಿ ಇದೆಯಾ? (ಓದುಗರು, ಕುಮಟಾ)

ಇದೆ, ಅದೂ ಇದೇ ಬಳಗದ್ದು. ಅಂಡಮಾನ್ ಶಾಮಾ. ಕಾಡಿನ ಒಳಗಿನ ಹಾಡುಗಾರ, ಅಂಡಮಾನ್ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಪಶ್ಚಿಮ ಘಟ್ಟದ ಶಾಮಾದ ಹೊಟ್ಟೆ ಕೆಂಗಂದು, ಅಂಡಮಾನಿನದರ ಹೊಟ್ಟೆಯ ನಡುವೆ ಬಿಳಿ. ಅಂಡಮಾನಿಗೆ ಹೋದರೆ ಬರೀ ಕಡಲತೀರ ನೋಡಿ ಬರಬೇಡಿ, ಒಂದು ಬೆಳಗ್ಗೆ ಕಾಡಿನ ಅಂಚಿಗೆ ಹೋಗಿ.

ಹಾಗೆ ನೋಡಿದರೆ ಸಮುದ್ರವೇ ಬೇಕು ಅಂತಿಲ್ಲ. ಘಟ್ಟದ ತುದಿಯ ಶೋಲಾ ಕಾಡುಗಳೂ ದ್ವೀಪಗಳೇ, ಸುತ್ತ ಇರುವುದು ನೀರಿನ ಬದಲು ಹುಲ್ಲುಗಾವಲು, ಕೆಳಗೆ ಬಿಸಿ ಕಣಿವೆ. ನೀಲಗಿರಿಯ ಕಡೆಯ ಒಂದು ನೀಲಿ ರಾಬಿನ್ ಇತ್ತ ಬಾಬಾಬುಡನ್‌ಗಿರಿಯ ಶೋಲಾದಲ್ಲೂ ಇದೆ. ಎತ್ತರದ ತಂಪು ಕಾಡು ಬಿಟ್ಟು ಅದು ಕೆಳಗೆ ಇಳಿದು ಬದುಕುವುದಿಲ್ಲ. ಇದರ ಬಗ್ಗೆ ಇನ್ನೊಂದು ಸಲ ಪೂರ್ತಿ ಬರೆಯುತ್ತೇನೆ.

ಪ್ರಶ್ನೆ: ಮುಂದಿನ ವರ್ಷ ಸೇಶೆಲ್ಸ್‌ಗೆ ಹೋಗುತ್ತಿದ್ದೇವೆ. ಈ ಹಕ್ಕಿ ನೋಡಬಹುದಾ? (ದಂಪತಿ, ಹುಬ್ಬಳ್ಳಿ)

ಖಂಡಿತ. ಕಸಿನ್‌ಗೆ ಹೋಗಿ. ರಾತ್ರಿ ಉಳಿಯಲು ಬಿಡುವುದಿಲ್ಲ. ನಿಮ್ಮ ದೋಣಿ ದಡ ಮುಟ್ಟುವಂತಿಲ್ಲ. ದೂರದಲ್ಲಿ ನಿಲ್ಲಿಸಿ, ದ್ವೀಪದವರ ದೋಣಿಗೆ ಹತ್ತಿಸಿಕೊಂಡು ಕರೆದೊಯ್ಯುತ್ತಾರೆ. ಇಲಿ ಬರಬಾರದು ಅಂತ ಈ ಕಟ್ಟುನಿಟ್ಟು, ಕಿರಿಕಿರಿ ಅಂದುಕೊಳ್ಳಬೇಡಿ. ಹೊರಡುವ ಮೊದಲು ಬ್ಯಾಗ್ ಒಮ್ಮೆ ಪೂರ್ತಿ ಖಾಲಿ ಮಾಡಿ ನೋಡಿ, ಚಪ್ಪಲಿಗೆ ಅಂಟಿದ ಮಣ್ಣು, ಬೀಜ ತೊಳೆಯಿರಿ. ಹಕ್ಕಿಗೆ ತಿಂಡಿ ಹಾಕಬೇಡಿ. ನಿಂತಲ್ಲೇ ನಿಂತು ನಿಧಾನಕ್ಕೆ ಕಾಲಿನಿಂದ ಎಲೆ ಸರಿಸಿದರೆ ಸಾಕು. ಆಮೇಲೆ ಲಾ ಡೀಗ್‌ಗೂ ಹೋಗಿ. ನಮ್ಮ ಉದ್ದ ಬಾಲದ ರಾಜಹಕ್ಕಿ ಗೊತ್ತಲ್ಲ, ಅದರ ನೆಂಟ ಅಲ್ಲಿದೆ. ನಮ್ಮದು ಬೆಳೆದ ಮೇಲೆ ಬೆಳ್ಳಗಾಗುತ್ತದೆ, ಅಲ್ಲಿನ ಗಂಡು ಪೂರ್ತಿ ಕಪ್ಪು, ಉದ್ದ ಕಪ್ಪು ಬಾಲ. ಅದಕ್ಕೇ ಅಲ್ಲಿಯ ಜನ ಅದನ್ನು 'ವಿಧವೆ' ಅಂತ ಕರೆದಿದ್ದಾರೆ. ಸುರಹೊನ್ನೆ, ಕಾಡುಬಾದಾಮಿ ಮರಗಳಲ್ಲಿ ಗೂಡು ಕಟ್ಟುತ್ತದೆ, ಮರಗಳು ನಿಮಗೆ ಗುರುತು ಸಿಗುತ್ತವೆ.

ಪ್ರಶ್ನೆ: ದ್ವೀಪದ ಮಾತು ಇರಲಿ. ನಮ್ಮ ಮನೆಯ ಹತ್ತಿರದ ಮಡಿವಾಳಕ್ಕೂ ಪೆಟ್ಟಿಗೆ ಇಟ್ಟರೆ ಬರುತ್ತದಾ? (ಓದುಗಿ, ತೀರ್ಥಹಳ್ಳಿ)

ಬರುತ್ತದೆ. ಮಡಿವಾಳ ಮರದ ಪೊಟರೆಯಲ್ಲಿ, ಗೋಡೆಯ ತೂತಿನಲ್ಲಿ, ಕೆಲವು ಸಲ ಹಳೆಯ ಮೀಟರ್ ಡಬ್ಬಿಯಲ್ಲೂ ಗೂಡು ಮಾಡುತ್ತದೆ. ಬಣ್ಣ ಹಚ್ಚದ ಹಳೆಯ ಹಲಗೆಯಿಂದ ಒಂದು ಪೆಟ್ಟಿಗೆ ಮಾಡಿಸಿ. ತೂತು ಹಕ್ಕಿ ನುಗ್ಗುವಷ್ಟೇ ಇರಲಿ, ದೊಡ್ಡದಾದರೆ ಬೆಕ್ಕಿನ ಕೈ ಹೋಗುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಬೇಡ, ಅದು ಬೆಕ್ಕಿಗೇ ಅನುಕೂಲ. ಆಳೆತ್ತರಕ್ಕಿಂತ ಮೇಲೆ, ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಮಳೆಯ ಇರಿಚಲು ಬಾರದ ಹಾಗೆ ಕಟ್ಟಿ. ಫೆಬ್ರವರಿ ಕೊನೆಗೆ ಕಟ್ಟಿಬಿಡಿ, ಮಾರ್ಚ್‌ನಿಂದ ಜೋಡಿಗಳು ಜಾಗ ಹುಡುಕುತ್ತವೆ. ಮೊಟ್ಟೆ ಇಟ್ಟ ಮೇಲೆ ಬಾಗಿಲು ತೆಗೆದು ನೋಡಬೇಡಿ, ಮೊಬೈಲಿನಲ್ಲಿ ಫೋಟೋ ಬೇಡ.

ಇನ್ನೊಂದು ಕೆಲಸ ಪೆಟ್ಟಿಗೆಗಿಂತ ಮುಖ್ಯ. ಅಂಗಳ ಗುಡಿಸಿ, ಹಿತ್ತಿಲಿನ ಮರದ ಬುಡದ ತರಗೆಲೆಯನ್ನು ಹಾಗೇ ಬಿಡಿ, ಬೆಂಕಿ ಹಾಕಬೇಡಿ. ಮಳೆ ಬಿದ್ದ ಮಾರನೆಯ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿ, ಮಡಿವಾಳ ಅಲ್ಲಿ ಎಲೆ ತಿರುವಿ ಹಾಕುತ್ತಿರುತ್ತದೆ. ಮೊದಲ ವರ್ಷ ಪೆಟ್ಟಿಗೆಗೆ ಹಕ್ಕಿ ಬರದಿದ್ದರೆ ತೆಗೆದುಬಿಡಬೇಡಿ, ಇನ್ನೊಂದು ವರ್ಷ ಅಲ್ಲೇ ಇರಲಿ.